‘ಅಂಥ ಜನರ ನಡುವೆ ಹೇಗೆ ಇದ್ದಿರಿ?’

ಸೈನ್ಯದಿಂದ ನಿವೃತ್ತನಾಗಿ ಸವಣೂರು ತಾಲ್ಲೂಕಿನ ನಮ್ಮೂರಿಗೆ ಬಂದ ಮೇಲೆ ಈ ಪ್ರಶ್ನೆಯನ್ನು ಎಲ್ಲೆಲ್ಲಿ ಕೇಳಿಸಿಕೊಂಡಿದ್ದೇನೆ ಎಂದು ಲೆಕ್ಕವಿಟ್ಟಿಲ್ಲ. ಹಾವೇರಿಯ ಬಸ್ ನಿಲ್ದಾಣದಲ್ಲಿ ಕೇಳಿದ್ದಾರೆ. ಹುಬ್ಬಳ್ಳಿಯ ಮದುವೆಯೊಂದರಲ್ಲಿ ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತವರು ಕೇಳಿದ್ದಾರೆ. ಆಗಸ್ಟ್ 15ರಂದು ನಮ್ಮೂರ ಶಾಲೆಯಲ್ಲಿ ಶಾಲು ಹೊದಿಸಿ ಕೂರಿಸಿದ ಮೇಲೆ ಮಕ್ಕಳೂ ಕೇಳಿದ್ದಾರೆ. “ಕಾಕಾ, ಆಫ್ರಿಕಾದಲ್ಲಿ ಒಂದು ವರ್ಷ ಇದ್ದಿರಂತೆ. ಅಂಥ ಜನರ ನಡುವೆ ಹೇಗೆ ಇದ್ದಿರಿ? ಹೆದರಿಕೆ ಆಗಲಿಲ್ಲವೇ?”

ಕೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ನನ್ನ ಮೇಲಿನ ಅಕ್ಕರೆಯಿಂದಲೇ ಕೇಳುತ್ತಾರೆ. ಆದರೂ ‘ಅಂಥ ಜನ’ ಎಂಬ ಮಾತು ಪ್ರತಿ ಸಲವೂ ನನ್ನನ್ನು ಚುಚ್ಚುತ್ತದೆ. ನಿಂತ ನಿಲುವಿನಲ್ಲಿ ಕೊಡುವ ಉತ್ತರ ಅದಲ್ಲ. ಹಾಗಾಗಿ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಹೆದರಿಕೆ ಆಗಿತ್ತು. ಮೊದಲ ಮೂರು ವಾರ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಬಂದೂಕಿಗೆ ಹೆದರಿದ್ದೆ, ಮಲೇರಿಯಾಕ್ಕೆ ಹೆದರಿದ್ದೆ, ನನಗೇನಾದರೂ ಆದರೆ ಅವ್ವನಿಗೆ ಯಾರು ಹೇಳುತ್ತಾರೆ ಎಂದು ಹೆದರಿದ್ದೆ. ಜನರಿಗೆ ಹೆದರಿದ್ದು ಮಾತ್ರ ಕೆಲವೇ ದಿನ. ಆ ಹೆದರಿಕೆ ಹೋದದ್ದು ಹೇಗೆ ಎಂಬುದನ್ನೇ ಮೊದಲು ಹೇಳುತ್ತೇನೆ.

ನಾನು ಇದ್ದದ್ದು ಸೈನ್ಯದ ರಿಮೌಂಟ್ ಅಂಡ್ ವೆಟರ್ನರಿ ಕೋರ್‌ನಲ್ಲಿ. ಕುದುರೆ, ಹೇಸರಗತ್ತೆ, ನಾಯಿಗಳನ್ನು ನೋಡಿಕೊಳ್ಳುವ ವಿಭಾಗ ಅದು. ಅದರ ಕೇಂದ್ರ ಮೀರತ್‌ನಲ್ಲಿದೆ. ದಕ್ಷಿಣ ಸುಡಾನ್ ಸ್ವತಂತ್ರವಾದದ್ದು 2011ರ ಜುಲೈ 9ರಂದು. ಅದೇ ದಿನದಿಂದ ಅಲ್ಲಿ ವಿಶ್ವಸಂಸ್ಥೆಯ ಹೊಸ ಶಾಂತಿಪಾಲನಾ ಕಾರ್ಯಾಚರಣೆ ಶುರುವಾಯಿತು. ಅದರಲ್ಲಿ ಭಾರತದ ಸೈನಿಕರು ದೊಡ್ಡ ಸಂಖ್ಯೆಯಲ್ಲಿದ್ದರು. 2012ರ ಮೇ ತಿಂಗಳಲ್ಲಿ ಹೋದ ತುಕಡಿಯ ಜೊತೆ ನನ್ನನ್ನೂ ಕಳಿಸಿದರು. ಕಾವಲಿನ ಕೆಲಸ ಬೇರೆಯವರದು. ನಮ್ಮ ಪಶುವೈದ್ಯಾಧಿಕಾರಿಯ ಕೈಕೆಳಗೆ ದನ ಹಿಡಿಯುವುದು, ಗಾಯ ತೊಳೆಯುವುದು, ಲಸಿಕೆ ತುಂಬಿ ಕೊಡುವುದು ನನ್ನ ಕೆಲಸ.

ನಮ್ಮ ಠಾಣೆ ಇದ್ದ ಊರು ಮಲಕಾಲ್. ರಾಜಧಾನಿ ಜುಬಾದಿಂದ ಉತ್ತರಕ್ಕೆ ಸುಮಾರು 500 ಕಿಲೋಮೀಟರ್, ಬಿಳಿ ನೈಲ್ ನದಿಯ ಪೂರ್ವ ದಂಡೆ. ವಿಮಾನದಿಂದ ಇಳಿದು ಹೊರಗೆ ಕಾಲಿಟ್ಟಾಗ ನಾನು ಮೊದಲು ನೋಡಿದ್ದು ನೆಲವನ್ನು. ಕಪ್ಪು ಎರೆ ನೆಲ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಟ್ಟು, ಮಳೆ ಬಿದ್ದರೆ ಕಾಲಿಗೆ ಸೇರುಗಟ್ಟಲೆ ಕಟ್ಟುವ ಮಣ್ಣು. ನಮ್ಮ ಹೊಲದ ಮಣ್ಣೇ ಅದು. ನೆಲ ಗುರುತು ಸಿಕ್ಕಿತು, ಜನರ ಗುರುತು ಸಿಗಲಿಲ್ಲ. ಆರಡಿಗೂ ಮೇಲೆ ಬೆಳೆದ ಗಂಡಸರು, ಹಣೆಯ ಮೇಲೆ ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ ಕೊಯ್ದ ಗೆರೆಗಳು, ಕೈಯಲ್ಲಿ ಈಟಿ, ಕೆಲವರ ಹೆಗಲಲ್ಲಿ ಬಂದೂಕು. ಬಹಳ ಜನ ನೋಡಿದ ತಕ್ಷಣ ನಗುವವರಲ್ಲ. ನಾನೂ ನಗಲಿಲ್ಲ.

ಜೂನ್ ನಡುವೆ ಒಂದು ಬೆಳಿಗ್ಗೆ ಅವ್ವನ ಫೋನು ಬಂತು. “ಇವತ್ತು ಮಣ್ಣೆತ್ತಿನ ಅಮಾವಾಸ್ಯೆ, ನೆನಪಿದೆಯೇ?” ಎಂದಳು. ನೆನಪಿರಲಿಲ್ಲ. ಬೇರೆ ಕಡೆಯ ಓದುಗರಿಗಾಗಿ ಹೇಳುತ್ತೇನೆ: ಕಾರಹುಣ್ಣಿಮೆ ಕಳೆದು ಹದಿನೈದು ದಿನಕ್ಕೆ ನಮ್ಮ ಕಡೆ ಎರೆಮಣ್ಣಿನಲ್ಲಿ ಜೋಡಿ ಎತ್ತು ಮಾಡಿ, ಮುಂದೆ ಮಣ್ಣಿನದೇ ಗೋದಲಿ ಇಟ್ಟು ಪೂಜಿಸುತ್ತಾರೆ. ಮಳೆ ಹಿಡಿದು ಬಿತ್ತನೆಗೆ ಇಳಿಯುವ ಕಾಲ ಅದು. ಚಿಕ್ಕಂದಿನಲ್ಲಿ ನಮ್ಮ ಮನೆಯ ಎತ್ತು ಮಾಡುತ್ತಿದ್ದವನು ನಾನೇ.

ಅದೇ ಸಂಜೆ ನದಿಯ ಕಡೆ ಕತ್ತೆಯೊಂದಕ್ಕೆ ಔಷಧಿ ಹಾಕಲು ಹೋಗಿದ್ದೆವು. ಮಲಕಾಲ್‌ನಲ್ಲಿ ನೀರಿನ ಗಾಡಿ ಎಳೆಯುವುದು ಕತ್ತೆಗಳು. ನೊಗದ ಹುಣ್ಣು ಅವುಗಳಿಗೆ ಸದಾ ಇದ್ದದ್ದೇ. ಅಲ್ಲಿ ಕೆಸರಿನ ದಂಡೆಯಲ್ಲಿ ಐದಾರು ಹುಡುಗರು ಕುಕ್ಕರಗಾಲಿನಲ್ಲಿ ಕುಳಿತು ಏನೋ ಮಾಡುತ್ತಿದ್ದರು. ಹತ್ತಿರ ಹೋಗಿ ನೋಡಿದೆ. ಮಣ್ಣೆತ್ತು ಮಾಡುತ್ತಿದ್ದರು.

ನಾನು ಹೆಚ್ಚು ಮಾಡಿ ಹೇಳುತ್ತಿಲ್ಲ. ನುಯೆರ್, ಡಿಂಕಾ ಅಲ್ಲಿಯ ದನ ಸಾಕುವ ಬುಡಕಟ್ಟುಗಳು; ಅವರ ಮಕ್ಕಳು ಮಣ್ಣಿನಲ್ಲಿ ದನ ಮಾಡಿಯೇ ಆಡುತ್ತಾರೆ. ಅದು ಅಲ್ಲಿ ಮನೆಮನೆಯ ಆಟ. ಮೈ ಚಿಕ್ಕದು, ಡುಬ್ಬ ಎದ್ದದ್ದು, ಕೋಡು ಮಾತ್ರ ಮೈಗಿಂತ ಉದ್ದ, ವೀಣೆಯ ಹಾಗೆ ಬಾಗಿ ಮೇಲೆದ್ದದ್ದು. ಒಬ್ಬ ಹುಡುಗ ಹೆಬ್ಬೆರಳಿನ ಉಗುರಿನಿಂದ ಎತ್ತಿನ ಗಂಗೆದೊಗಲನ್ನು ಎಳೆಯುತ್ತಿದ್ದ. ನಾನು ಸಮವಸ್ತ್ರದಲ್ಲೇ ಅವನ ಪಕ್ಕದಲ್ಲಿ ಕುಳಿತು ಒಂದು ಮುಷ್ಟಿ ಮಣ್ಣು ತೆಗೆದುಕೊಂಡೆ. ನಮ್ಮ ಕಡೆಯ ಎತ್ತು ಮಾಡಿದೆ. ಮುಂದೆ ಒಂದು ಗೋದಲಿಯನ್ನೂ ಇಟ್ಟೆ. ಹುಡುಗರು ಎತ್ತನ್ನು ಒಪ್ಪಿದರು. ಗೋದಲಿ ಏನೆಂದು ಅವರಿಗೆ ತಿಳಿಯಲಿಲ್ಲ. ಅವರ ದನಗಳು ಬಯಲಿನಲ್ಲಿ ಮೇಯುತ್ತವೆ, ಗೂಟಕ್ಕೆ ಕಟ್ಟಿಸಿಕೊಳ್ಳುತ್ತವೆ. ತೊಟ್ಟಿಯಲ್ಲಿ ಮೇವು ಹಾಕುವ ರೂಢಿ ಅಲ್ಲಿಲ್ಲ. ಆ ಹುಡುಗ ನನ್ನ ಗೋದಲಿಯನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟು, ಅದರ ಜಾಗದಲ್ಲಿ ಕಡ್ಡಿಯೊಂದನ್ನು ಗೂಟದಂತೆ ನೆಟ್ಟ. ಹೀಗೆ ಇರಬೇಕು ಎಂಬಂತೆ ನನ್ನ ಮುಖ ನೋಡಿದ. ಆ ರಾತ್ರಿ ನನಗೆ ನಿದ್ದೆ ಬಂತು.

ಮರುದಿನದಿಂದ ಆ ಹುಡುಗರು ದೂರದಿಂದಲೇ “ಹಿಂದಿ, ಹಿಂದಿ” ಎಂದು ಕೂಗುತ್ತಿದ್ದರು. ಅರಬ್ಬಿಯಲ್ಲಿ ಹಾಗೆಂದರೆ ಭಾರತದವನು. ನುಯೆರ್ ಜನ ಎದುರಾದಾಗ ‘ಮಾಲೆ’ ಎನ್ನುತ್ತಾರೆ. ಅದು ಅವರ ನಮಸ್ಕಾರ. ನನಗೆ ಬಂದ ಮೊದಲ ನುಯೆರ್ ಮಾತು ಅದು. ಕನ್ನಡದವನಿಗೆ ಮರೆಯಲು ಸಾಧ್ಯವೇ ಇಲ್ಲ.

ದಕ್ಷಿಣ ಸುಡಾನ್‌ನಲ್ಲಿ ಮನುಷ್ಯರಿಗಿಂತ ದನಗಳು ಹೆಚ್ಚು. 2008ರ ಜನಗಣತಿಯಲ್ಲಿ ಸಿಕ್ಕ ಲೆಕ್ಕ 82 ಲಕ್ಷ ಜನ. ದನಗಳು ಒಂದು ಕೋಟಿಗೂ ಮೇಲೆ ಎಂಬುದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಅಂದಾಜು. ಮದುವೆಗೆ ಹುಡುಗಿಯ ತವರಿಗೆ ಕೊಡುವುದು ದನ. ತಪ್ಪಿಗೆ ದಂಡ ತೆರುವುದು ದನ. ಹುಡುಗ ಪ್ರಾಯಕ್ಕೆ ಬಂದಾಗ ತಂದೆ ಅವನಿಗೆ ಒಂದು ಎತ್ತು ಕೊಡುತ್ತಾನೆ, ಅಂದಿನಿಂದ ಆ ಎತ್ತಿನ ಬಣ್ಣದ ಹೆಸರೇ ಹುಡುಗನ ಹೆಸರಾಗುತ್ತದೆ. ಎತ್ತಿನ ಕೋಡಿಗೆ ಗೊಂಡೆ ಕಟ್ಟಿ, ಅದರ ಮುಂದೆ ಹಾಡು ಕಟ್ಟಿ ಹಾಡುತ್ತಾರೆ. ನಾನು ಹಾವೇರಿ ಕಡೆಯವನು, ದೀಪಾವಳಿಗೆ ಹೋರಿ ಬೆದರಿಸುವ ಊರುಗಳ ನಡುವೆ ಬೆಳೆದವನು. ಮೊಬೈಲ್‌ನಲ್ಲಿ ಒಂದು ಹೋರಿಯ ಚಿತ್ರವಿತ್ತು, ಕೊರಳ ತುಂಬ ಕೊಬ್ಬರಿ ಹಾರ, ಕೋಡಿಗೆ ಬಲೂನು. ಒಂದು ದನದ ಹಟ್ಟಿಯಲ್ಲಿ ಅದನ್ನು ತೋರಿಸಿದೆ. ಮಲಗಿದ್ದ ಯುವಕರೆಲ್ಲ ಎದ್ದು ಬಂದರು. ಫೋನು ಕೈಯಿಂದ ಕೈಗೆ ದಾಟಿ ಹಟ್ಟಿಯ ಆ ತುದಿಗೆ ಹೋಗಿ, ಒಂದು ಗಂಟೆಯ ಮೇಲೆ ತಿರುಗಿ ಬಂತು. ಅವರು ಕೇಳಿದ ಮೊದಲ ಪ್ರಶ್ನೆ, ಅದರ ಹೆಸರೇನು ಎಂದು.

ಈ ದನಗಳಿಗಾಗಿಯೇ ಅಲ್ಲಿ ಕೊಲೆಗಳೂ ಆಗುತ್ತವೆ. ಒಂದು ಬುಡಕಟ್ಟು ಇನ್ನೊಂದರ ಮಂದೆಯ ಮೇಲೆ ಬಿದ್ದು ನೂರಾರು ಜನ ಸತ್ತ ಸುದ್ದಿಗಳು ನಾವಿದ್ದಾಗಲೂ ಬರುತ್ತಿದ್ದವು. ಅದನ್ನು ಮುಚ್ಚಿಟ್ಟು ಆ ಜನರನ್ನು ಹೊಗಳುವ ಅಗತ್ಯ ನನಗಿಲ್ಲ. ನಾನು ಕಂಡದ್ದು ಅದರ ಜೊತೆಗೇ ಇದ್ದ ಇನ್ನೊಂದನ್ನು.

ಜನವರಿಯ ಒಣ ದಿನಗಳಲ್ಲಿ ಜನ ದನಗಳೊಂದಿಗೆ ನದಿಯ ಬದಿಗೆ ಬಂದು ಹಟ್ಟಿ ಹಾಕುತ್ತಾರೆ. ಸಂಜೆಯಾದರೆ ಒಣಗಿದ ಸೆಗಣಿಯ ಕುಪ್ಪೆಗಳಿಗೆ ಬೆಂಕಿ ಹಾಕಿ ಹೊಗೆ ಎಬ್ಬಿಸುತ್ತಾರೆ, ಸೊಳ್ಳೆ ನೊಣ ಹತ್ತಿರ ಬಾರದಿರಲಿ ಎಂದು. ಬೆಳಿಗ್ಗೆ ಉಳಿದ ಬೂದಿಯನ್ನು ಮೈಗೆ ಬಳಿದುಕೊಳ್ಳುತ್ತಾರೆ, ದನಕ್ಕೂ ಬಳಿಯುತ್ತಾರೆ. ಮೊದಲ ಸಲ ನಾನು ಅಂಥ ಹಟ್ಟಿಗೆ ಹೋದಾಗ ನೊಣ ಮುತ್ತಿ ನನ್ನ ಕೈಗಳು ಊದಿಕೊಂಡಿದ್ದವು. ಲಸಿಕೆ ತುಂಬಲು ಆಗುತ್ತಿರಲಿಲ್ಲ. ಒಬ್ಬ ಮುದುಕ ಏನೂ ಹೇಳದೆ ಬಂದು, ತಣಿದ ಕುಪ್ಪೆಯಿಂದ ಬೂದಿ ತೆಗೆದು, ನನ್ನ ಎರಡೂ ಮುಂಗೈಗಳಿಗೆ ಮೊಣಕೈಯವರೆಗೆ ತಿಕ್ಕಿದ. ಅಂಗೈ ಒರಟು, ತಿಕ್ಕುವುದು ಮಾತ್ರ ಮಗುವಿಗೆ ಎಣ್ಣೆ ಹಚ್ಚಿದಂತೆ. ಕೊನೆಗೆ ಬೆರಳಲ್ಲಿ ಉಳಿದದ್ದನ್ನು ನನ್ನ ಹಣೆಗೆ ಒರೆಸಿದ. ನಮ್ಮ ಅಜ್ಜ ಸ್ನಾನ ಮಾಡಿ ಬಂದು ನನಗೆ ವಿಭೂತಿ ಹಚ್ಚುತ್ತಿದ್ದದ್ದು ಹಾಗೆಯೇ. ಅದೂ ಆಕಳ ಸೆಗಣಿಯ ಬೂದಿಯೇ. ಆ ಮುದುಕನಿಗೆ ಇದನ್ನು ಹೇಳಲು ನನ್ನಲ್ಲಿ ಭಾಷೆ ಇರಲಿಲ್ಲ. ಕಣ್ಣು ತುಂಬಿ ಬಂದದ್ದನ್ನು ಅವನು ಹೊಗೆಗೆ ಎಂದುಕೊಂಡಿರಬೇಕು, ನನ್ನನ್ನು ಹೊಗೆಯಿಲ್ಲದ ಕಡೆ ಕೂರಿಸಿದ.

ಇನ್ನೊಂದು ಹಟ್ಟಿಯಲ್ಲಿ ನಡೆದದ್ದನ್ನು ಸ್ವಲ್ಪ ಉದ್ದಕ್ಕೆ ಹೇಳಬೇಕು. ಊಟ ಏನು ಮಾಡುತ್ತಿದ್ದಿರಿ ಎಂಬ ಪ್ರಶ್ನೆಗೂ ಅದರಲ್ಲೇ ಉತ್ತರವಿದೆ.

ಒಂದು ಆಕಳು ಕರು ಅಡ್ಡ ಬಂದು ರಾತ್ರಿಯಿಡೀ ತಿಣುಕಿತ್ತು. ನಮ್ಮ ಅಧಿಕಾರಿ ಭುಜದವರೆಗೆ ಕೈ ಹಾಕಿ ಕರುವನ್ನು ತಿರುಗಿಸಿದರು, ನಾನೂ ಇಬ್ಬರು ಯುವಕರೂ ಕಾಲಿಗೆ ಹಗ್ಗ ಹಾಕಿ ಎಳೆದೆವು. ತಾಯಿ ಕರು ಎರಡೂ ಉಳಿದವು. ಆಕಳು ಒಬ್ಬ ಮುದುಕಿಯದು. ಎಲ್ಲರೂ ಅವಳನ್ನು ಹಬೋಬಾ ಎನ್ನುತ್ತಿದ್ದರು, ಅಂದರೆ ಅಜ್ಜಿ. ಅವಳು ಕೂಡಲೇ ಆಡು ಹಿಡಿದು ತರಲು ಹೇಳಿದಳು. ಅತಿಥಿಗೆ ಆಡು ಕಡಿಯುವುದು ಅಲ್ಲಿ ಸಣ್ಣ ಮರ್ಯಾದೆಯಲ್ಲ. ಅವಳ ಬಳಿ ಇದ್ದದ್ದು ನಾಲ್ಕೋ ಐದೋ ಆಡು.

ನಾನು ಮಾಂಸ ತಿನ್ನುವುದಿಲ್ಲ, ನಮ್ಮ ಮನೆತನದಲ್ಲಿ ಯಾರೂ ತಿಂದವರಿಲ್ಲ. ನಮ್ಮ ದುಭಾಷಿ ಹುಡುಗನಿಗೆ ಮೆಲ್ಲಗೆ ಹೇಳಿದೆ. ಅವನ ಮುಖ ಬಾಡಿತು. ಅತಿಥಿ ಊಟ ಒಲ್ಲೆ ಎಂದರೆ ಮನೆಯವರನ್ನು ಶಂಕಿಸಿದಂತೆ. ಇದನ್ನು ಹೇಗೆ ಹೇಳಲಿ ಎಂದು ಅವನು ಬಹಳ ಹೊತ್ತು ತಡವರಿಸಿದ. ಕೊನೆಗೆ ಹೇಳಿದ. ಹಟ್ಟಿ ಒಂದು ಕ್ಷಣ ಸುಮ್ಮನಾಯಿತು. ಹಬೋಬಾ ನನ್ನನ್ನು ನೋಡಿ ಒಂದೇ ಪ್ರಶ್ನೆ ಕೇಳಿದಳು: “ಇದು ಇವನ ಹಿರಿಯರ ಕಟ್ಟಳೆಯೇ?”

ಹೌದು ಎಂದೆ. ಅವಳ ಮುಖ ತಿಳಿಯಾಯಿತು. ನುಯೆರ್ ಜನರಲ್ಲೂ ಒಂದೊಂದು ಮನೆತನ ಒಂದೊಂದು ಪ್ರಾಣಿಯನ್ನು ಹಿರಿಯರ ನೇಮವೆಂದು ಗೌರವಿಸುತ್ತದೆ, ಕೊಲ್ಲುವುದಿಲ್ಲ, ತಿನ್ನುವುದಿಲ್ಲ. ಬೇರೆಯವರು ಆ ನೇಮವನ್ನು ನಗೆಯಾಡುವುದಿಲ್ಲ. ಅವಳ ಲೆಕ್ಕದಲ್ಲಿ ನಾನು ಬಹಳ ಪ್ರಾಣಿಗಳಿಗೆ ನಡೆದುಕೊಳ್ಳುವ ಮನೆತನದವನು, ಅಷ್ಟೇ. ಆಡನ್ನು ಉಳಿದವರಿಗಾಗಿ ಕಡಿದರು. ನನಗೆ ಬೇರೆ ಒಲೆ ಹೂಡಿಸಿದಳು, ಬೇರೆ ಗಡಿಗೆ ತರಿಸಿದಳು. ಜೋಳದ ಹಿಟ್ಟು ಕುದಿಸಿ ಗಟ್ಟಿ ಅಂಬಲಿಯಂಥ ಅಸೀದಾ ಮಾಡಿ, ಸೋರೆ ಬುರುಡೆಯಿಂದ ಹಾಲು ಸುರಿದಳು. ನಾನು ಕೇಳದೆಯೇ ಗಡಿಗೆ ಬೇರೆ ಮಾಡಿದ್ದಳು. ಅದನ್ನು ನಾನು ಎಲ್ಲಿಯವರೆಗೂ ಮರೆಯಲಾರೆ. ನಮ್ಮ ಸ್ವಂತ ದೇಶದಲ್ಲೇ ಕೆಲವು ಭೋಜನಶಾಲೆಗಳಲ್ಲಿ ನಾನು ಬಾಯಿಬಿಟ್ಟು ಕೇಳಿಯೂ ಅದು ಸಿಕ್ಕಿರಲಿಲ್ಲ. ಆಮೇಲೆ ನಾವು ಆ ಕಡೆ ಹೋದಾಗಲೆಲ್ಲ ಆ ಗಡಿಗೆ ಒಲೆ ಏರುತ್ತಿತ್ತು. ಬೇರೆ ಯಾರಿಗೂ ಅದನ್ನು ಬಳಸಲು ಬಿಡುತ್ತಿರಲಿಲ್ಲವಂತೆ.

ಆ ಜೋಳದ ವಿಷಯ. ನಮ್ಮ ರೊಟ್ಟಿಯ ಜೋಳ ಹುಟ್ಟಿದ್ದೇ ಈಶಾನ್ಯ ಆಫ್ರಿಕಾದಲ್ಲಿ, ಸುಡಾನ್ ಸೀಮೆಯ ಸುತ್ತ. ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ನಮ್ಮ ಕಡೆಗೆ ಬಂತು. ಅಲ್ಲಿ ಅದಕ್ಕೆ ದುರಾ ಎನ್ನುತ್ತಾರೆ. ಮಲಕಾಲ್ ಮಾರುಕಟ್ಟೆಯಲ್ಲಿ ಹೆಂಗಸರು ಹುಳಿ ಬಂದ ದುರಾ ಹಿಟ್ಟನ್ನು ಕಾದ ಹಂಚಿನ ಮೇಲೆ ಸುರಿದು, ತಾಳೆಗರಿಯ ತುಂಡಿನಿಂದ ಕಾಗದದಷ್ಟು ತೆಳ್ಳಗೆ ಎಳೆದು ಕಿಸ್ರಾ ಮಾಡುತ್ತಿದ್ದರು. ಮಾಡುವ ರೀತಿ ನೋಡಿದರೆ ದೋಸೆ, ವಾಸನೆ ನಮ್ಮ ಅಡುಗೆಮನೆಯದು. ಠಾಣೆಯ ಗೇಟಿನ ಹೊರಗೆ ಚಹಾ ಮಾರುವ ಹೆಂಗಸು ಕೊಡುತ್ತಿದ್ದ ಕೆಂಪು ಕರ್ಕಡೆ ಪಾನಕ ನಮ್ಮ ಪುಂಡಿಯ ಬಳಗದ ಹೂವಿನದು. ಸವಣೂರಿಗೆ ಬಂದವರು ಬೆರಗಾಗಿ ನೋಡುವ ದೊಡ್ಡ ಹುಣಸೆ ಮರಗಳೂ ಆಫ್ರಿಕಾ ಮೂಲದ ಬಾವೊಬಾಬ್ ಮರಗಳೇ. ಅಲ್ಲಿಂದ ಬಂದ ಕಾಳನ್ನು ಉಂಡು, ಅಲ್ಲಿಂದ ಬಂದ ಮರಕ್ಕೆ ಕೈಮುಗಿಯುವ ನಾವು ಅಲ್ಲಿಯ ಮನುಷ್ಯರನ್ನು ಮಾತ್ರ ‘ಅಂಥವರು’ ಎನ್ನುತ್ತೇವೆ.

ಆಗಸ್ಟ್‌ನಲ್ಲಿ, ಮಳೆಗಾಲದ ನಡುವೆ, ಲಸಿಕೆ ಹಾಕಿ ಮರಳುವಾಗ ನಮ್ಮ ಗಾಡಿ ಎರೆಯಲ್ಲಿ ಅಚ್ಚಿನವರೆಗೆ ಹೂತುಹೋದದ್ದಿದೆ. ಹೊತ್ತು ಮುಳುಗುತ್ತಿತ್ತು. ಹತ್ತಿರದ ಗುಡಿಸಲುಗಳಿಂದ ಹತ್ತು ಹನ್ನೆರಡು ಜನ ಬಂದರು. ನೂಕಿದರೂ ಆಗಲಿಲ್ಲ. ಆಗ ಒಬ್ಬ ಹೆಂಗಸು ತನ್ನ ಹಿತ್ತಲಿಗೆ ಹೋಗಿ ಜೋಳದ ಕಣಿಕೆಯ ಬೇಲಿಯನ್ನು ಕಿತ್ತು ತಂದು ಗಾಲಿಯ ಕೆಳಗೆ ಹಾಸಿದಳು. ಪಕ್ಕದವರೂ ಹಾಗೆಯೇ ಮಾಡಿದರು. ಗಾಡಿ ಹೊರಬಂತು. ನನ್ನ ಜೊತೆಗಿದ್ದವರಿಗೆ ಅದು ಒಣ ದಂಟು. ಮಳೆಗಾಲದ ನಡುವೆ ಹೊಸ ಕಣಿಕೆ ಎಲ್ಲಿಯೂ ಸಿಗುವುದಿಲ್ಲ, ಬೇಲಿ ಇಲ್ಲದಿದ್ದರೆ ರಾತ್ರಿ ದನ ನುಗ್ಗಿ ಹಿತ್ತಲಿನ ಬೆಳೆ ಹೋಗುತ್ತದೆ ಎಂಬುದು ರೈತನ ಮಗನಾದ ನನಗೆ ಗೊತ್ತು. ನಮ್ಮ ಚಾಲಕ ಹಣ ಕೊಡಲು ಕೈ ಚಾಚಿದ. ಅವಳು ಅವನ ಬೆರಳುಗಳನ್ನು ಒಂದೊಂದಾಗಿ ಮಡಚಿ, ನೋಟಿನ ಸಮೇತ ಮುಷ್ಟಿ ಮುಚ್ಚಿಸಿ, ಹೋಗಿ ಎಂದು ಕೈ ಬೀಸಿದಳು. ಎರಡು ದಿನ ಬಿಟ್ಟು ತಂತಿ, ಹಗ್ಗ ಹಿಡಿದು ಬೇಲಿ ಕಟ್ಟಿಕೊಡಲು ಹೋದೆವು. ಅಷ್ಟರಲ್ಲಿ ಅವರವರೇ ಮುಳ್ಳುಕೊಂಬೆ ತಂದು ಕಟ್ಟಿಕೊಂಡಾಗಿತ್ತು. ಹಗ್ಗವನ್ನು ಮಾತ್ರ ಇಟ್ಟುಕೊಂಡರು, ಕರು ಕಟ್ಟಲು.

2013ರ ಏಪ್ರಿಲ್ 9. ಈ ದಿನಾಂಕವನ್ನು ಆ ವರ್ಷ ಅಲ್ಲಿದ್ದ ಭಾರತದ ಯಾವ ಸೈನಿಕನೂ ಮರೆತಿಲ್ಲ. ಜೊಂಗ್ಲೆ ರಾಜ್ಯದ ಗುಮುರುಕ್ ಬಳಿ ವಿಶ್ವಸಂಸ್ಥೆಯ ವಾಹನಗಳ ಸಾಲಿಗೆ ಕಾವಲಾಗಿ ಹೋಗಿದ್ದ ನಮ್ಮವರ ಮೇಲೆ ಹೊಂಚು ಹಾಕಿ ದಾಳಿ ಮಾಡಿದರು. ಐವರು ಭಾರತೀಯ ಸೈನಿಕರು ಸತ್ತರು, ಜೊತೆಗೆ ಏಳು ಮಂದಿ ನಾಗರಿಕರು. ನಾವಿದ್ದ ಜಾಗ ಅಲ್ಲಿಂದ ಬಹಳ ದೂರ. ಆದರೂ ಆ ರಾತ್ರಿ ನಮ್ಮ ಠಾಣೆಯಲ್ಲಿ ಯಾರೂ ಊಟ ಮಾಡಲಿಲ್ಲ. ಇವರಿಗಾಗಿ ಬಂದು ಇವರ ಕೈಯಲ್ಲೇ ಸಾಯುವುದೇ ಎಂಬ ಮಾತು ಒಂದಿಬ್ಬರ ಬಾಯಲ್ಲಿ ಬಂತು. ಬಾರದೆ ಇರಲು ನಾವು ಕಲ್ಲಲ್ಲ.

ಬೆಳಿಗ್ಗೆ ಗೇಟು ತೆರೆದಾಗ ಹೊರಗೆ ಜನ ಕುಳಿತಿದ್ದರು. ಚಹಾ ಮಾರುವ ಹೆಂಗಸು, ಕತ್ತೆಗಾಡಿಯ ಮಾಲೀಕರು, ನಮ್ಮಲ್ಲಿಗೆ ದನ ತರುತ್ತಿದ್ದ ನುಯೆರರು, ನದಿಯಾಚೆಯ ಶಿಲ್ಲುಕ್ ಬುಡಕಟ್ಟಿನವರು. ನೆಲದ ಮೇಲೆ ಕುಳಿತಿದ್ದರು, ಮಾತಿಲ್ಲದೆ. ನಮ್ಮಲ್ಲಿ ಸಾವಿನ ಮನೆಯ ಕಟ್ಟೆಯ ಮುಂದೆ ಊರವರು ಬಂದು ಸುಮ್ಮನೆ ಕೂರುತ್ತಾರಲ್ಲ, ಹಾಗೆ. ಯಾರೂ ಕರೆದಿರಲಿಲ್ಲ. ಚಹಾದ ಹೆಂಗಸು ಅಂದು ಒಲೆಯನ್ನು ಗೇಟಿನ ಹತ್ತಿರವೇ ತಂದಿಟ್ಟಿದ್ದಳು. ಪಹರೆಯವರಿಗೆ, ನಮಗೆ, ಬಂದವರಿಗೆ ಲೋಟ ತುಂಬಿ ಕೊಡುತ್ತಲೇ ಇದ್ದಳು, ಯಾರ ಕೈಯಿಂದಲೂ ದುಡ್ಡು ಮುಟ್ಟಲಿಲ್ಲ. ಎದ್ದು ಹೋಗುವಾಗ ಒಬ್ಬೊಬ್ಬರಾಗಿ ಬಂದು ಎದೆಯ ಮೇಲೆ ಕೈಯಿಟ್ಟು “ಮಾಲೇಶ್” ಎಂದರು. ನೊಂದುಕೊಳ್ಳಬೇಡಿ ಎಂಬ ಅರ್ಥಕ್ಕೂ, ಕ್ಷಮಿಸಿ ಎಂಬ ಅರ್ಥಕ್ಕೂ ಅಲ್ಲಿ ಒಂದೇ ಮಾತು. ಕೊಂದವರೂ ಆ ನೆಲದವರು, ನಮ್ಮ ಜೊತೆ ಸೂತಕ ಕುಳಿತವರೂ ಆ ನೆಲದವರು. ‘ಅಂಥ ಜನ’ ಎನ್ನುವವರು ಇವರಲ್ಲಿ ಯಾರನ್ನು ಕುರಿತು ಹೇಳುತ್ತಿದ್ದಾರೆ ಎಂದು ನನಗೆ ತಿಳಿಯಬೇಕು.

ಮೇ ತಿಂಗಳ ಕೊನೆಗೆ ನಮ್ಮ ತುಕಡಿ ಹೊರಟಿತು. ಹೊರಡುವ ಹಿಂದಿನ ದಿನ ಗೇಟಿನವರು ಕರೆ ಕಳಿಸಿದರು, ಯಾರೋ ಹುಡುಗ ಬಂದಿದ್ದಾನೆ ಎಂದು. ನದಿಯ ದಂಡೆಯ ಹುಡುಗ. ಒಂದು ವರ್ಷದಲ್ಲಿ ಗೇಣುದ್ದ ಬೆಳೆದಿದ್ದ. ಎರಡೂ ಅಂಗೈ ಜೋಡಿಸಿ ಹುಲ್ಲಿನ ಮೇಲೆ ಮಣ್ಣೆತ್ತೊಂದನ್ನು ಇಟ್ಟುಕೊಂಡು ಬಂದಿದ್ದ. ಅದೇ ಉದ್ದ ಕೋಡು, ಬೂದಿ ತಿಕ್ಕಿ ಬೆಳ್ಳಗೆ ಮಾಡಿದ ಮೈ. ನಾನು ಅದನ್ನು ತೆಗೆದುಕೊಂಡ ಮೇಲೆ ಅವನು ಅಂಗಿಯ ಜೇಬಿನಿಂದ ಇನ್ನೊಂದು ವಸ್ತು ತೆಗೆದು ನನ್ನ ಕೈಗಿಟ್ಟ. ಬೆರಳುದ್ದದ ಮಣ್ಣಿನ ತೊಟ್ಟಿ. ಗೋದಲಿ. ಒಂದು ವರ್ಷದ ಹಿಂದೆ ಒಂದೇ ಸಲ ನೋಡಿದ್ದನ್ನು ನೆನಪಿಟ್ಟು, ನಮ್ಮ ದೇಶದಲ್ಲಿ ಎತ್ತಿಗೆ ಇದು ಬೇಕು ಎಂದು ಮಾಡಿ ತಂದಿದ್ದ.

ಎತ್ತನ್ನು ಉಣ್ಣೆಯ ಟೋಪಿಯಲ್ಲಿ ಸುತ್ತಿ ಕೈಚೀಲದಲ್ಲೇ ತಂದೆ. ಸುಡದ ಹಸಿ ಮಣ್ಣು, ದಾರಿಯಲ್ಲಿ ಎಡಗೋಡು ಮುರಿಯಿತು. ಮನೆಗೆ ಬಂದ ಮೇಲೆ ನನ್ನ ಹೆಂಡತಿ ನಮ್ಮ ಹೊಲದ ಎರೆ ಕಲಸಿ ಕೋಡು ಕೂಡಿಸಿದಳು. ಅಲ್ಲಿಯ ಮಣ್ಣು ಒಣಗಿದ ಮೇಲೆ ತುಸು ಬೂದು, ನಮ್ಮದು ಅಚ್ಚ ಕಪ್ಪು, ಜೋಡಿಸಿದ ಜಾಗ ಕಾಣುತ್ತದೆ. ಪ್ರತಿ ವರ್ಷ ಮಣ್ಣೆತ್ತಿನ ಅಮಾವಾಸ್ಯೆಗೆ ಜಗಲಿಯ ಮೇಲೆ ನಮ್ಮ ಜೋಡಿಯ ಪಕ್ಕದಲ್ಲಿ ಅದನ್ನೂ ಇಡುತ್ತೇವೆ. ಅವ್ವ ಇರುವವರೆಗೆ ಅದಕ್ಕೆ ಒಂದು ಹಿಡಿ ಜೋಳ ಹೆಚ್ಚಾಗಿ ಹಾಕುತ್ತಿದ್ದಳು, ಪರಊರಿನಿಂದ ಬಂದದ್ದು ಎಂದು. ಪೂಜೆಯಾದ ಮೇಲೆ ನಮ್ಮವನ್ನು ನೀರಿಗೆ ಬಿಡುತ್ತೇವೆ, ಅದನ್ನು ತಿರುಗಿ ಮಾಡದಲ್ಲಿ ಇಡುತ್ತೇವೆ.

ನಾವು ಬಂದ ಏಳನೆಯ ತಿಂಗಳಿಗೆ, 2013ರ ಡಿಸೆಂಬರ್ 15ರಂದು ಜುಬಾದಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. ತಿಂಗಳು ಮುಗಿಯುವುದರೊಳಗೆ ಮಲಕಾಲ್‌ಗೆ ಬಂತು. ಮುಂದಿನ ಕೆಲವೇ ತಿಂಗಳಲ್ಲಿ ಆ ಊರು ಮತ್ತೆ ಮತ್ತೆ ಕೈ ಬದಲಾಯಿಸಿತು. ಮಾರುಕಟ್ಟೆ ಸುಟ್ಟಿತು, ಆಸ್ಪತ್ರೆಯೊಳಗೂ ಕೊಂದರು, ಉಳಿದವರು ವಿಶ್ವಸಂಸ್ಥೆಯ ಠಾಣೆಯೊಳಗೆ ಓಡಿ ಬಂದು ಡೇರೆಗಳಲ್ಲಿ ವರ್ಷಗಟ್ಟಲೆ ಉಳಿದರು. ನಾನು ಮೀರತ್‌ನಲ್ಲಿ ಕುಳಿತು ಟಿವಿಯಲ್ಲಿ ನೋಡುತ್ತಿದ್ದೆ. ಮುಳ್ಳುತಂತಿಯ ಹಿಂದೆ ನಿಂತ ಮಕ್ಕಳ ಚಿತ್ರ ಬಂದಾಗಲೆಲ್ಲ ಎದ್ದು ಪರದೆಯ ಹತ್ತಿರ ಹೋಗುತ್ತಿದ್ದೆ. ನುಯೆರ್, ಡಿಂಕಾ, ಶಿಲ್ಲುಕ್ ಎಂದು ಸುದ್ದಿಯವರು ಹೆಸರು ಹೇಳುತ್ತಿದ್ದರು. ಏಪ್ರಿಲ್ 10ರ ಬೆಳಿಗ್ಗೆ ನಮ್ಮ ಗೇಟಿನ ಮುಂದೆ ಅವರು ಹತ್ತಿರ ಹತ್ತಿರ ಕುಳಿತಿದ್ದರು. ಇದನ್ನು ಯಾರಿಗೆ ಹೇಳಲಿ?

ಹೋದ ವರ್ಷದ ಒಂದು ಮಾತು ಹೇಳಿ ಮುಗಿಸುತ್ತೇನೆ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ ಹತ್ತಿದ್ದೆ. ತುಂಬಿತ್ತು, ಜನ ನಿಂತಿದ್ದರು. ಆದರೂ ಒಂದು ಆಸನ ಖಾಲಿ. ಅದರ ಪಕ್ಕದ ಕಿಟಕಿಯಲ್ಲಿ ಆಫ್ರಿಕಾದ ಒಬ್ಬ ಯುವಕ, ತೊಡೆಯ ಮೇಲೆ ಪುಸ್ತಕದ ಚೀಲ. ಹಿಂದೆ ನಿಂತ ಹುಡುಗರು ಅವನಿಗೆ ತಿಳಿಯದಂತೆ ಮೊಬೈಲ್‌ನಲ್ಲಿ ಚಿತ್ರ ತೆಗೆಯುತ್ತಿದ್ದರು. ಅವನಿಗೆ ತಿಳಿದಿತ್ತು. ಕಲಘಟಗಿ, ಹಳಿಯಾಳದ ಕಡೆಯ ಆಫ್ರಿಕಾ ಮೂಲದ ಸಿದ್ದಿ ಮಕ್ಕಳನ್ನು, ಇಲ್ಲೇ ಹುಟ್ಟಿ ಬೆಳೆದವರನ್ನು, ‘ನಿಮ್ಮದು ಯಾವ ದೇಶ’ ಎಂದು ಕೇಳುವ ಜನ ನಾವು. ಆ ಹುಡುಗರನ್ನು ಗದರಿಸಿದೆ. ಗದರಿಸಿದ್ದು ಜೋರಾಗಿಯೇ ಆಯಿತು, ಅದರ ಬಗ್ಗೆ ನನಗೆ ಪಶ್ಚಾತ್ತಾಪವಿಲ್ಲ. ಹೋಗಿ ಆ ಆಸನದಲ್ಲಿ ಕುಳಿತೆ. ಅವನು ಮೈ ಕುಗ್ಗಿಸಿಕೊಂಡು ನನಗೆ ಅಗತ್ಯಕ್ಕಿಂತ ಹೆಚ್ಚು ಜಾಗ ಬಿಟ್ಟ.

ಸುಡಾನ್‌ನವನು, ಓದಲು ಬಂದವನು. ನನ್ನ ಹರಕು ಅರಬ್ಬಿ ಕೇಳಿ ಮೊದಲು ನಂಬಲಿಲ್ಲ, ಆಮೇಲೆ ನಕ್ಕ. ಊಟ ಆಗಿದೆಯೇ ಎಂದು ಕೇಳಿದೆ. ಆಗಿಲ್ಲ ಎಂದ. ಧಾರವಾಡದಲ್ಲಿ ಇಳಿದು ಅವನನ್ನು ಖಾನಾವಳಿಗೆ ಕರೆದುಕೊಂಡು ಹೋದೆ. ಬಿಸಿ ರೊಟ್ಟಿ ಬಂತು. ಅವನು ಒಂದು ಚೂರು ಮುರಿದು, ಬಾಯಿಗೆ ಹಾಕುವ ಮೊದಲು ಮೂಗಿನ ಹತ್ತಿರ ಹಿಡಿದು, “ದುರಾ” ಎಂದ. ಹೌದು, ದುರಾ ಎಂದೆ. ಇಷ್ಟು ತಿಂಗಳು ಈ ಊರಿನಲ್ಲಿದ್ದೂ ಅವನನ್ನು ಯಾರೂ ಇಲ್ಲಿಗೆ ಕರೆತಂದಿರಲಿಲ್ಲ.

ಮೂರನೆಯ ರೊಟ್ಟಿಯ ಹೊತ್ತಿಗೆ ನಾನು ಮಲಕಾಲ್‌ನಲ್ಲಿದ್ದದ್ದನ್ನು ಹೇಳಿದೆ. ಅದು ಈಗ ಅವನ ದೇಶವಲ್ಲ, 2011ರಲ್ಲಿ ಬೇರೆಯಾದದ್ದು. ಬೇರೆಯಾಗುವ ಮೊದಲು ದಶಕಗಳ ಯುದ್ಧ ನಡೆದಿತ್ತು. ಅವನು ತಿನ್ನುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದ. ಹೆದರಿಕೆ ಆಗಲಿಲ್ಲವೇ ಎಂದು ಕೇಳಲಿಲ್ಲ. ನಮ್ಮ ಕಡೆಯವರು ಇಷ್ಟು ವರ್ಷಗಳಲ್ಲಿ ಯಾರೂ ಕೇಳದ ಪ್ರಶ್ನೆ ಕೇಳಿದ: “ನಮ್ಮವರು ನಿಮ್ಮನ್ನು ಚೆನ್ನಾಗಿ ನೋಡಿಕೊಂಡರೇ? ಊಟಕ್ಕೆ ಏನು ಕೊಟ್ಟರು?”

ಹಬೋಬಾಳ ಬೇರೆ ಗಡಿಗೆಯಿಂದ ಹೇಳಲು ಶುರು ಮಾಡಿದೆ. ನನ್ನ ಅರಬ್ಬಿ ಸಾಲದಾದಾಗ ಕೈಸನ್ನೆ ಮಾಡಿ ಹೇಳಿದೆ. ಹಾವೇರಿಗೆ ಹೋಗುವ ಬಸ್ಸಿನ ಹೊತ್ತಾಗುವವರೆಗೆ ಹೇಳಿದೆ.